ನೆಗ್ಗಿಲು ಕಷಾಯ, ಫ್ಲೋರಿಡಾ ಕ್ಯಾಪ್ಸೂಲ್ ಮತ್ತು ನನ್ನ ರಾತ್ರಿಗಳ ಲೆಕ್ಕ

ಹೋದ ವರ್ಷ ದೀಪಾವಳಿ ಮುಗಿಸಿ ಕಲಬುರಗಿಯಿಂದ ಬೀದರ್ ಬಸ್ ಹತ್ತಿದ್ದೆ. ಕಮಲಾಪುರ ದಾಟುವಷ್ಟರಲ್ಲೇ ಒಂದಕ್ಕೆ ಅವಸರವಾಯಿತು. ಹುಮನಾಬಾದ್ ತನಕ ಹಲ್ಲು ಕಚ್ಚಿ ಕೂತೆ. ಬಸ್ ನಿಂತ ಕೂಡಲೇ ಓಡಿ ಹೋಗಿ ನಿಂತರೆ ಬರುವುದೇ ಇಲ್ಲ! ಬಂದರೂ ಸಣ್ಣ ಧಾರೆ, ನಿಂತು ನಿಂತು. ಹೊರಗೆ ಕಂಡಕ್ಟರ್ ಸೀಟಿ ಊದುತ್ತಿದ್ದ. "ಲಗೂ ಬರ್ರಿ ಕಾಕಾ!"

ನನಗೆ 63 ವಯಸ್ಸು. ಪ್ರೋಸ್ಟೇಟ್, ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ, ದೊಡ್ಡದಾಗಿದೆ ಅಂತ ಸ್ಕ್ಯಾನಿನಲ್ಲಿ ಬಂತು. ಕ್ಯಾನ್ಸರ್ ಅನುಮಾನ ಇದೆಯಾ ಅಂತ ಪಿಎಸ್‌ಎ ರಕ್ತಪರೀಕ್ಷೆಯೂ ಆಯಿತು, ಅದು ಸರಿಯಿತ್ತು. ಡಾಕ್ಟರು ಮಾತ್ರೆ ಬರೆದರು. ನಾನು ಚೀಟಿ ಮಡಚಿ ಜೇಬಿಗಿಟ್ಟೆ. ಮೊದಲು ಗಿಡಮೂಲಿಕೆ ನೋಡೋಣ ಅಂತ ಹಟ.

ಲೆಕ್ಕಕ್ಕೆ ಗೋಡೆಯ ಕ್ಯಾಲೆಂಡರ್ ಇತ್ತು. ರಾತ್ರಿ ಎಷ್ಟು ಸಲ ಎದ್ದೆನೋ ಅಷ್ಟು ಗೀಟು, ಪೆನ್ಸಿಲಿನಲ್ಲಿ. ಜೊತೆಗೆ ಮೂತ್ರದ ತೊಂದರೆ ಎಷ್ಟಿದೆ ಅಂತ ಅಳೆಯಲು ಡಾಕ್ಟರು ಕೊಟ್ಟ ಏಳು ಪ್ರಶ್ನೆಯ ಹಾಳೆಯನ್ನು ತಿಂಗಳಿಗೊಮ್ಮೆ ತುಂಬುತ್ತಿದ್ದೆ. ಅದರಲ್ಲಿ ಒಟ್ಟು 35 ಅಂಕ. ಏಳರ ತನಕ ಹಗುರ, 8ರಿಂದ 19 ಮಧ್ಯಮ, 20 ಮುಟ್ಟಿದರೆ ಜೋರು. ಜಾಸ್ತಿ ಅಂಕ ಬಂದವನೇ ಫೇಲ್. ನಾನು 17ರಲ್ಲಿ ಶುರು ಮಾಡಿದೆ, ರಾತ್ರಿಗೆ ನಾಲ್ಕು ಗೀಟು.

ಮೊದಲನೆಯದು ನೆಗ್ಗಿಲು ಮುಳ್ಳು. ಸಂಸ್ಕೃತದಲ್ಲಿ ಗೋಕ್ಷುರ, ಅಂಗಡಿಯಲ್ಲಿ ಗೋಖರೂ ಅಂದರೆ ಸಾಕು. ಚಿಕ್ಕವನಿದ್ದಾಗ ಹೊಲದ ದಾರಿಯಲ್ಲಿ ಸೈಕಲ್ ಪಂಕ್ಚರ್ ಮಾಡುತ್ತಿದ್ದ ಅದೇ ಮುಳ್ಳು. ಆಗ ಬೈಯುತ್ತಿದ್ದೆ, ಈಗ ದುಡ್ಡು ಕೊಟ್ಟು ತಂದೆ. ಕುಟ್ಟಿ, ಎರಡು ಲೋಟ ನೀರು ಅರ್ಧ ಲೋಟಕ್ಕೆ ಇಳಿಯುವ ತನಕ ಕುದಿಸಿ, ಡಿಸೆಂಬರ್ ಮತ್ತು ಜನವರಿ ಪೂರ್ತಿ ಕುಡಿದೆ. ಅದೂ ರಾತ್ರಿ ಊಟ ಆದ ಮೇಲೆ! ಆಯುರ್ವೇದದಲ್ಲಿ ಇದನ್ನು ಮೂತ್ರ ಜಾಸ್ತಿ ಮಾಡುವ ಮೂಲಿಕೆ ಅಂತಲೇ ಹೇಳುತ್ತಾರೆ. ಮಲಗುವ ಮುಂಚೆ ಅದನ್ನು ಕುಡಿದು, ಮತ್ತೆ ಮತ್ತೆ ಏಳುತ್ತೇನೆ ಅಂತ ಗೊಣಗಿದರೆ ಯಾರ ತಪ್ಪು? ಕೆಲವು ರಾತ್ರಿ ಐದು ಗೀಟು ಬಿದ್ದವು. ಅಂಕ 17ರಿಂದ 16. ಒಂದಕ್ಕೆ ಹೋದಾಗ ಉರಿ ಸ್ವಲ್ಪ ಕಡಿಮೆ ಅನಿಸಿತು, ಅಷ್ಟೇ.

ಫೆಬ್ರವರಿಯಲ್ಲಿ ಕುಂಬಳ ಬೀಜ. ಹುರಿದು ಡಬ್ಬಿಯಲ್ಲಿಟ್ಟರೆ ಮೊಮ್ಮಕ್ಕಳು ಶೇಂಗಾ ಜೊತೆ ಖಾಲಿ ಮಾಡಿದರು. ಇದಕ್ಕೆ ಅಂಕ ಕೊಡಲು ಬರುವುದಿಲ್ಲ.

ಮಾರ್ಚ್ ಮಧ್ಯದಲ್ಲಿ ಸಾ ಪಾಮೆಟ್ಟೊ ಕ್ಯಾಪ್ಸೂಲ್ ತರಿಸಿದೆ. ಅಮೆರಿಕದ ಫ್ಲೋರಿಡಾ ಕಡೆ ಬೆಳೆಯುವ ಗಿಡ್ಡ ತಾಳೆಯ ಹಣ್ಣಿನ ಸತ್ವ. ನಮ್ಮ ಈಚಲದ ದೂರದ ನೆಂಟ ಅನ್ನಬಹುದು. ದಿನಕ್ಕೆ 320 ಮಿಲಿಗ್ರಾಂ. ತೇಗಿದರೆ ಜಿಡ್ಡು ಎಣ್ಣೆಯ ವಾಸನೆ. ಬೆಲೆಯೋ, ಒಂದು ಬಾಟಲಿ ದುಡ್ಡಿನಲ್ಲಿ ಚೀಲಗಟ್ಟಲೆ ಗೋಖರೂ ಬರುತ್ತಿತ್ತು.

ಆದರೆ ಕೆಲಸ ಮಾಡಿತು! ಏಪ್ರಿಲ್‌ನಲ್ಲಿ ಮೂರು ಗೀಟು, ಮೇನಲ್ಲಿ ಎರಡೇ. ಅಂಕ 12ಕ್ಕೆ ಇಳಿಯಿತು. ಸಿಕ್ಕವರಿಗೆಲ್ಲ ಹೇಳಿದೆ. ನೆರೆಮನೆಯ ಕಾಕಾನಿಗೂ ಒಂದು ಬಾಟಲಿ ತರಿಸಿಕೊಟ್ಟೆ.

ಜುಲೈ ಬಂತು, ಮಳೆ ಹಿಡಿಯಿತು. ಅದೇ ಕ್ಯಾಪ್ಸೂಲ್, ಅದೇ ಹೊತ್ತು, ಆದರೆ ಮತ್ತೆ ನಾಲ್ಕು ಗೀಟು, ಅಂಕ 16. ಬಾಟಲಿ ನಕಲಿ ಇರಬೇಕು ಅಂದೆ. ಹೆಂಡತಿ ರೊಟ್ಟಿ ಬಡಿಯುತ್ತಲೇ ಹೇಳಿದಳು: "ಬ್ಯಾಸಿಗ್ಯಾಗ ಯಾರಿಗ್ರಿ ಜಾಸ್ತಿ ಬರ್ತದ? ಎಲ್ಲಾ ಬೆವರಾಗೇ ಹೋಗ್ತದ." ಕ್ಯಾಲೆಂಡರ್ ಹಿಂದಕ್ಕೆ ತಿರುವಿದೆ. ಹೌದಲ್ಲ! ಕಷಾಯ ಕುಡಿದದ್ದು ಚಳಿಯಲ್ಲಿ. ಕ್ಯಾಪ್ಸೂಲ್ ನುಂಗಿದ್ದು 42 ಡಿಗ್ರಿ ಬಿಸಿಲಲ್ಲಿ. ನಾನು ಹೋಲಿಸಿದ್ದು ಕಲಬುರಗಿಯ ಚಳಿಯನ್ನು ಕಲಬುರಗಿಯ ಬಿಸಿಲಿನ ಜೊತೆ.

ಇನ್ನೊಂದು ವಿಷಯ ಆಮೇಲೆ ಓದಿದೆ. ಇದೇ ಸಾ ಪಾಮೆಟ್ಟೊ ಬಗ್ಗೆ 2011ರಲ್ಲಿ ಪ್ರಕಟವಾದ ಒಂದು ದೊಡ್ಡ ಪರೀಕ್ಷೆಯಲ್ಲಿ 369 ಗಂಡಸರು ಇದ್ದರು. 72 ವಾರದಲ್ಲಿ 320ರಿಂದ 960 ಮಿಲಿಗ್ರಾಂ ತನಕ ಡೋಸ್ ಏರಿಸಿದರು. ಅರ್ಧ ಜನರಿಗೆ ಔಷಧಿಯೇ ಇಲ್ಲದ ತೋರಿಕೆಯ ಗುಳಿಗೆ. ಸತ್ವ ತಗೊಂಡವರ ಅಂಕ ಸರಾಸರಿ 2.2 ಇಳಿಯಿತು, ತೋರಿಕೆ ಗುಳಿಗೆಯವರದ್ದು ಸುಮಾರು 3! ಏನೂ ಇಲ್ಲದ ಗುಳಿಗೆಗೇ ಮೂರು ಇಳಿದರೆ ನನ್ನ ನಾಲ್ಕಂಕದ ಖುಷಿಯಲ್ಲಿ ಎಷ್ಟು ಉಳಿಯಿತು ಹೇಳಿ. ಕಾಕಾನಿಗೆ ಬಾಟಲಿ ದುಡ್ಡು ವಾಪಸ್ ಕೊಟ್ಟೆ.

ಆಫ್ರಿಕಾದ ಪೈಜಿಯಂ ಮರದ ತೊಗಟೆಯ ಬಗ್ಗೆ ಹಳೆಯ ವರದಿಗಳು ಒಳ್ಳೆಯದೇ ಹೇಳುತ್ತವೆ, ಆದರೆ ಅವೆಲ್ಲ ಚಿಕ್ಕ, ಕಡಿಮೆ ಅವಧಿಯ ಪರೀಕ್ಷೆಗಳು. ತೊಗಟೆಗಾಗಿ ಆ ಮರ ಸುಲಿದು ಸುಲಿದು, ಈಗ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡಿದೆ. ನಾನು ಮುಟ್ಟಲಿಲ್ಲ.

ಆಗಸ್ಟ್‌ನಲ್ಲಿ ಮಡಚಿದ ಚೀಟಿ ಬಿಚ್ಚಿದೆ. ಟ್ಯಾಮ್ಸುಲೋಸಿನ್, 0.4 ಮಿಲಿಗ್ರಾಂ, ರಾತ್ರಿ ಊಟದ ನಂತರ ಒಂದು. ಇದು ಗ್ರಂಥಿಯನ್ನು ಕುಗ್ಗಿಸುವುದಿಲ್ಲ, ಅಲ್ಲಿನ ಸ್ನಾಯು ಸಡಿಲ ಮಾಡುತ್ತದೆ. ಒಂದೇ ವಾರದಲ್ಲಿ ಧಾರೆ ಬದಲಾಯಿತು, ಬಚ್ಚಲಲ್ಲಿ ಸದ್ದೇ ಬೇರೆ! ಅಂಕ 9, ಗೀಟು ಎರಡು. ಅದೂ ಮಳೆಗಾಲದಲ್ಲಿ.

ಪುಕ್ಕಟೆ ಅಲ್ಲ. ಮೂರನೇ ರಾತ್ರಿ ಗಡಬಡಿಸಿ ಎದ್ದಾಗ ತಲೆ ಗಿರ್ ಅಂತು, ಬಾಗಿಲ ಚೌಕಟ್ಟು ಹಿಡಿದು ನಿಂತೆ. ಈಗ ಮಂಚದ ಮೇಲೆ ಒಂದು ನಿಮಿಷ ಕೂತು ಆಮೇಲೆ ಏಳುತ್ತೇನೆ. ವೀರ್ಯ ಹೊರಗೆ ಬರುವುದೂ ಕಡಿಮೆಯಾಗಬಹುದು ಅಂತ ಡಾಕ್ಟರು ಮುಜುಗರವಿಲ್ಲದೆ ಹೇಳಿದರು. ಕಣ್ಣಿನ ಪೊರೆ ಆಪರೇಷನ್ ಮಾಡಿಸುವುದಾದರೆ ಈ ಮಾತ್ರೆಯ ಹೆಸರು ಮೊದಲೇ ಹೇಳಬೇಕಂತೆ. ಕ್ಯಾಪ್ಸೂಲ್, ಕಷಾಯ ತಗೊಂಡದ್ದನ್ನೂ ಮುಚ್ಚಿಡಬೇಡಿ ಅಂದರು. ಮೂತ್ರದಲ್ಲಿ ರಕ್ತ ಕಂಡರೆ, ಪೂರ್ತಿ ಕಟ್ಟಿಕೊಂಡರೆ, ಯಾವ ಸತ್ವವನ್ನೂ ಕಾಯದೆ ಆಸ್ಪತ್ರೆಗೆ ಬರಬೇಕು ಅಂತಲೂ.

ಈಗ ನನ್ನ ಒಲವು ಮಾತ್ರೆಯ ಕಡೆ. ರಾತ್ರಿ ಏಳರ ನಂತರ ಚಹಾ ಬಿಟ್ಟದ್ದಕ್ಕೂ ಒಂದು ಗೀಟಿನ ಪಾಲು ಇದೆ ಅನಿಸುತ್ತದೆ, ಅದನ್ನು ಬೇರೆ ಮಾಡಿ ನೋಡಿಲ್ಲ. ಕ್ಯಾಲೆಂಡರಿನಲ್ಲಿ ಡಿಸೆಂಬರ್ ಹಾಳೆ ಇನ್ನೂ ಖಾಲಿ ಇದೆ. ಕಷಾಯಕ್ಕೆ ಸಿಕ್ಕ ಚಳಿ ಮಾತ್ರೆಗೂ ಸಿಗಲಿ.