ಕ್ಯಾರವಾನ್ ನಿಲ್ಲಿಸಲು ಜಾಗ ಕಾದಿರಿಸುವ ಮುನ್ನ ನಮಗಾದದ್ದನ್ನು ಓದಿ

ದಸರಾ ರಜೆಯಲ್ಲಿ ಮೊಮ್ಮಕ್ಕಳಿಗೆ ಬೆಟ್ಟವನ್ನೂ ಕಡಲನ್ನೂ ಒಂದೇ ಪ್ರವಾಸದಲ್ಲಿ ತೋರಿಸೋಣವೆಂದು ಕೋಲಾರದಿಂದ ಕ್ಯಾರವಾನ್, ಅಂದರೆ ಒಳಗೇ ಮಲಗುವ, ಅಡುಗೆ ಮಾಡುವ ಸೌಕರ್ಯವಿರುವ ಗಾಡಿಯನ್ನು, ಬಾಡಿಗೆಗೆ ಹಿಡಿದು ಹೊರಟ ನಮ್ಮ ಕುಟುಂಬ, ಐದು ದಿನಗಳ ಪ್ರವಾಸವನ್ನು ನಾಲ್ಕನೆಯ ದಿನಕ್ಕೇ ಮೊಟಕುಗೊಳಿಸಿ ಹಿಂದಿರುಗಬೇಕಾಯಿತು. ಗಾಡಿಯ ಮೇಲೆ ನನ್ನ ದೂರಿಲ್ಲ. ಚಾಲಕರಂತೂ ಮನೆಯ ಮಗನ ಹಾಗೆ ನಮ್ಮನ್ನು ನೋಡಿಕೊಂಡರು. ಎಡವಿದ್ದು ಗಾಡಿ ನಿಲ್ಲಿಸುವ ಜಾಗಗಳ ಆಯ್ಕೆಯಲ್ಲಿ. ನಮ್ಮ ಜಿಲ್ಲೆಯಲ್ಲಿ ಈಚೆಗೆ ಹಲವರು ಇಂಥ ಪ್ರವಾಸದ ಬಗ್ಗೆ ನನ್ನನ್ನು ವಿಚಾರಿಸುತ್ತಿದ್ದಾರೆ. ಅವರಲ್ಲಿ ಯಾರಿಗೂ ಆ ರಾತ್ರಿಯ ಅನುಭವ ಆಗಬಾರದೆಂದು ನಡೆದದ್ದನ್ನು ನಡೆದಂತೆಯೇ ಬರೆಯುತ್ತಿದ್ದೇನೆ.

ಕ್ಯಾರವಾನನ್ನೇ ಆರಿಸಿಕೊಳ್ಳಲು ನಮಗೆ ಕಾರಣವಿತ್ತು. ನಮ್ಮ ಯಜಮಾನರಿಗೆ ಎರಡೂ ಮೊಣಕಾಲು ನೋವು. ಮೆಟ್ಟಿಲು ಹತ್ತಲಾರರು, ರಾತ್ರಿ ಎರಡು ಮೂರು ಸಲ ಎದ್ದು ಶೌಚಾಲಯಕ್ಕೆ ಹೋಗಬೇಕು. ಮಲಗುವ ಜಾಗಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಕಮೋಡ್ ಇರುವ ಗಾಡಿ ಸಿಕ್ಕರೆ ಅವರೂ ನಮ್ಮೊಂದಿಗೆ ನೆಮ್ಮದಿಯಾಗಿ ಬರಬಹುದು ಎಂದು ಮಗ ಸೊಸೆ ಯೋಚಿಸಿದರು. ದಾರಿಯೂ ಸುಲಭವೆನಿಸಿತು, ಏಕೆಂದರೆ ಕೋಲಾರವನ್ನು ಹಾದುಹೋಗುವ 75ನೇ ರಾಷ್ಟ್ರೀಯ ಹೆದ್ದಾರಿಯೇ ಬೆಂಗಳೂರು, ಹಾಸನ, ಸಕಲೇಶಪುರಗಳನ್ನು ದಾಟಿ ಶಿರಾಡಿ ಘಾಟಿಯಲ್ಲಿ ಇಳಿದು ಬಂಟ್ವಾಳದವರೆಗೆ ಹೋಗುತ್ತದೆ. ಸಕಲೇಶಪುರದ ಬಳಿಯ ಒಂದು ಕಾಫಿ ತೋಟದಲ್ಲಿ ಎರಡು ರಾತ್ರಿ, ಉಡುಪಿ ಜಿಲ್ಲೆಯಲ್ಲಿ ಹೊಳೆ ಕಡಲನ್ನು ಸೇರುವ ಒಂದು ಅಳಿವೆಯ ಬದಿಯ ತಂಗುದಾಣದಲ್ಲಿ ಎರಡು ರಾತ್ರಿ ಎಂದು ಗೊತ್ತುಮಾಡಿ, ಎರಡೂ ಕಡೆಗೆ ನಾಲ್ಕು ನಾಲ್ಕು ಸಾವಿರ ರೂಪಾಯಿ ಮುಂಗಡ ಕಳಿಸಿದೆವು. ಎರಡೂ ಜಾಗಗಳ ಚಿತ್ರಗಳು ಬಹಳ ಚೆನ್ನಾಗಿದ್ದವು. ಫೋನಿನಲ್ಲಿ ನಾವು ಕೇಳಿದ್ದು ಒಂದೇ ಪ್ರಶ್ನೆ: "ಕ್ಯಾರವಾನ್ ನಿಲ್ಲಿಸಬಹುದೇ?" ಎರಡೂ ಕಡೆಯಿಂದ ಬಂದದ್ದು ಒಂದೇ ಉತ್ತರ: "ಏನೂ ತೊಂದರೆ ಇಲ್ಲ ಮೇಡಂ, ಬನ್ನಿ."

ಮೊದಲ ಜಾಗದ ಕತೆ ಚಿಕ್ಕದು. ಹೆದ್ದಾರಿ ಬಿಟ್ಟ ಮೇಲೆ ಕೆಲವು ಕಿಲೋಮೀಟರ್ ಡಾಂಬರು ರಸ್ತೆ ಇತ್ತು, ಆಮೇಲೆ ತೋಟದ ಗೇಟು, ಗೇಟಿನಿಂದ ಮನೆಯವರೆಗೆ ಕಡಿದಾದ ಮಣ್ಣಿನ ಏರು. ಹಿಂದಿನ ಸಂಜೆ ಸುರಿದ ಗುಡುಗು ಮಳೆಗೆ ಆ ಏರು ಅಂಬಲಿಯಂತಾಗಿತ್ತು, ಮೇಲೆ ಸಿಲ್ವರ್ ಓಕ್ ಮರಗಳ ಕೊಂಬೆಗಳು ದಾರಿಗೆ ಅಡ್ಡಲಾಗಿ ಬಾಗಿದ್ದವು. ನಮ್ಮ ಗಾಡಿಯ ಎತ್ತರ ಮೂರು ಮೀಟರಿಗೆ ಹತ್ತಿರ. ಜೀಪು ಮಾತ್ರ ಹತ್ತುವ ದಾರಿಯೆಂದು ಆಗಷ್ಟೇ ಹೇಳಿದ ತೋಟದವರು, ಗಾಡಿಯನ್ನು ಗೇಟಿನ ಹೊರಗೆ ನಿಲ್ಲಿಸಿ ನಾವೆಲ್ಲ ಜೀಪಿನಲ್ಲಿ ಮೇಲೆ ಬರಬೇಕೆಂದೂ ಪ್ರತಿ ಸಲಕ್ಕೆ ಜೀಪಿನ ಬಾಡಿಗೆ ಬೇರೆಯೆಂದೂ ತಿಳಿಸಿದರು. ಮೇಲಿನ ಕೊಠಡಿಗೆ ಹದಿನೆಂಟು ಮೆಟ್ಟಿಲು. ಯಾರಿಗಾಗಿ ಕ್ಯಾರವಾನ್ ತಂದಿದ್ದೆವೋ ಅವರೇ ಗೇಟಿನ ಬಳಿ ಉಳಿಯಬೇಕಾಯಿತು.

ಗೇಟಿನ ಹೊರಗೇ ರಾತ್ರಿ ಕಳೆಯುತ್ತೇವೆಂದು ನಾವು ಅಡುಗೆಗೆ ತೊಡಗಿದಾಗ, ಕೆಲಸ ಮುಗಿಸಿ ಲೈನ್ ಮನೆಗೆ ಹೊರಟಿದ್ದ ತೋಟದ ಕಾರ್ಮಿಕ ಮಹಿಳೆಯೊಬ್ಬರು ನಿಂತು, ಗಾಡಿಯೊಳಗೆ ನೇತುಹಾಕಿದ್ದ ಬಾಳೆಗೊನೆಯನ್ನು ನೋಡಿ, "ಅಕ್ಕಾ, ಇದನ್ನ ಇಟ್ಕೊಂಡು ಇಲ್ಲಿ ಮಲಗಬೇಡಿ, ಆನೆ ಓಡಾಡೋ ದಾರಿ ಇದು" ಎಂದರು. ಸಕಲೇಶಪುರ, ಆಲೂರು, ಬೇಲೂರು ತಾಲ್ಲೂಕುಗಳ ತೋಟಗಳಲ್ಲಿ ಕಾಡಾನೆಗಳ ಓಡಾಟ ವರ್ಷಗಳಿಂದ ಇರುವ ಸಂಗತಿ. ಬಾಳೆ, ಹಲಸು, ಬತ್ತದ ಆಸೆಗೆ ಅವು ಮನೆಯಂಗಳದವರೆಗೂ ಬರುತ್ತವೆ. ಅದನ್ನು ನಮಗೆ ಹೇಳಬೇಕಾಗಿದ್ದವರು ಮುಂಗಡ ಪಡೆದವರು. ಹೇಳಿದವರು ದಾರಿಹೋಕರಾದ ಆ ತಾಯಿ. ಆ ರಾತ್ರಿ ಸಕಲೇಶಪುರ ಪಟ್ಟಣಕ್ಕೆ ಹಿಂದಿರುಗಿ ಒಂದು ಲಾಡ್ಜಿನ ಆವರಣದಲ್ಲಿ ಗಾಡಿ ನಿಲ್ಲಿಸಿಕೊಂಡು, ನೆಲ ಅಂತಸ್ತಿನ ಕೊಠಡಿ ಹಿಡಿದು ಕಳೆದೆವು. ಮರುದಿನವೂ ಮಳೆ ಬಂದದ್ದರಿಂದ ಅಲ್ಲೇ ಉಳಿದೆವು.

ಮೂರನೆಯ ದಿನ ಬೆಳಿಗ್ಗೆ ಘಾಟಿ ಇಳಿದೆವು. ಶಿರಾಡಿ ಮಳೆಗಾಲದಲ್ಲಿ ನಂಬುವಂಥ ದಾರಿಯಲ್ಲ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಅದು ಬಹಳ ದಿನ ಮುಚ್ಚಿತ್ತು. ಪರ್ಯಾಯವೆಂದು ಆಗುಂಬೆಯನ್ನು ನೆಚ್ಚಿಕೊಳ್ಳುವವರು ಅಲ್ಲಿನ ಹದಿನಾಲ್ಕು ತಿರುವುಗಳಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲವೆಂಬುದನ್ನು ನೆನಪಿಡಬೇಕು ಮತ್ತು ತಮ್ಮ ಗಾಡಿಯ ಗಾತ್ರಕ್ಕೆ ಅನುಮತಿ ಉಂಟೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ನಮಗೆ ದಾರಿಯಲ್ಲಿ ತೊಂದರೆಯಾಗಲಿಲ್ಲ. ಸಂಜೆ ಐದರ ಹೊತ್ತಿಗೆ ಅಳಿವೆಯ ಬದಿಯ ಜಾಗ ತಲುಪಿದಾಗ ಮಕ್ಕಳ ಸಂತೋಷ ಹೇಳತೀರದು. ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ತೆಂಗಿನ ಸಾಲು. ಚಿತ್ರದಲ್ಲಿ ಕಂಡಂತೆಯೇ ಇತ್ತು. ತೆಂಗಿನ ಸಾಲಿನಿಂದ ಇನ್ನೂ ಕೆಳಗೆ, ಮರಳಿನ ಮೇಲೆ, ನೀರಿಗೆ ಮೂವತ್ತು ನಲವತ್ತು ಹೆಜ್ಜೆ ದೂರದಲ್ಲಿ ಗಾಡಿ ನಿಲ್ಲಿಸಲು ಹೇಳಿದರು.

ವಿದ್ಯುತ್ ಕೇಳಿದೆವು. ಅಡುಗೆಮನೆಯ ಕಿಟಕಿಯಿಂದ ಒಂದು ತೆಳು ತಂತಿಯನ್ನು ಎಳೆದು, ಬೇಲಿಯ ಮೇಲೆ ಹಾಯಿಸಿ, ನಡುವೆ ಟೇಪು ಸುತ್ತಿದ ಎರಡು ಜೋಡಣೆಗಳೊಂದಿಗೆ ತಂದುಕೊಟ್ಟರು. ಆ ಜೋಡಣೆಗಳಲ್ಲಿ ಒಂದು ಒದ್ದೆ ಮರಳಿನ ಮೇಲೆಯೇ ಬಿದ್ದಿತ್ತು. ನಾನು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು. ಅದನ್ನು ಕಂಡಾಗಲೇ ತಡೆಯಬೇಕಿತ್ತು. ದಣಿವಿನಲ್ಲಿ, ಯಜಮಾನರಿಗೆ ಸೆಕೆಯಾಗುತ್ತಿದೆಯೆಂಬ ಆತುರದಲ್ಲಿ ಎಸಿ ಹಾಕಿಸಿದೆ. ಅರ್ಧ ಗಂಟೆಯಾಗಿರಬಹುದು, ನೀರಿನಲ್ಲಿ ಆಡಿ ಬರಿಗಾಲಿನಲ್ಲಿ ಓಡಿಬಂದ ಏಳು ವರ್ಷದ ಮೊಮ್ಮಗ ಬಾಗಿಲಿನ ಹಿಡಿಯನ್ನು ಮುಟ್ಟಿದವನೇ ಕೈ ಕೊಡವಿಕೊಂಡು, "ಅಜ್ಜಿ, ಗಾಡಿ ಜುಮ್ ಅಂತಿದೆ" ಎಂದು ಅಳತೊಡಗಿದ. ಮಗ ತಕ್ಷಣ ಮೇನ್ ಆರಿಸಿದ. ಚಾಲಕರ ಬಳಿ ಟೆಸ್ಟರ್ ಇತ್ತು. ಮಕ್ಕಳನ್ನು ದೂರ ನಿಲ್ಲಿಸಿ, ಚಪ್ಪಲಿ ಮೆಟ್ಟಿಕೊಂಡು, ಮತ್ತೊಮ್ಮೆ ಮೇನ್ ಹಾಕಿ ಗಾಡಿಯ ಮೈಗೆ ತಾಗಿಸಿ ನೋಡಿದರೆ ಟೆಸ್ಟರಿನ ದೀಪ ಕೆಂಪಗೆ ಉರಿಯಿತು. ಆ ಕೆಂಪು ಚುಕ್ಕೆ ಇಂದಿಗೂ ನನ್ನ ಕಣ್ಣ ಮುಂದೆ ಇದೆ.

ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ರಬ್ಬರ್ ಚಕ್ರಗಳ ಮೇಲೆ ನಿಂತ ಗಾಡಿಯಲ್ಲಿ ಕರೆಂಟ್ ಹೊಡೆಯುವುದಿಲ್ಲವೆಂದು ಬಹಳ ಜನ ನಂಬಿದ್ದಾರೆ. ಎಸಿ, ಬ್ಯಾಟರಿ ಚಾರ್ಜರ್‌ನಂಥ ಉಪಕರಣಗಳಿಂದ ಅಲ್ಪ ಪ್ರಮಾಣದ ವಿದ್ಯುತ್ ಲೋಹದ ಮೈಗೆ ಸೋರುವುದುಂಟು. ಪ್ಲಗ್ಗಿನ ಮೂರನೆಯ ಪಿನ್ನಿಗೆ ಅರ್ಥ್ ತಂತಿ ಸರಿಯಾಗಿ ಜೋಡಣೆಯಾಗಿದ್ದರೆ ಆ ಸೋರಿಕೆ ನೆಲಕ್ಕೆ ಹೋಗುತ್ತದೆ. ನಮಗೆ ಕೊಟ್ಟ ತಂತಿಯಲ್ಲಿ ಎರಡೇ ಎಳೆಗಳಿದ್ದವು. ಮೂರನೆಯ ಪಿನ್ನು ಸುಮ್ಮನೆ ನೆಪಕ್ಕಿತ್ತು. ಆಗ ರಬ್ಬರ್ ಚಕ್ರವೇ ವಿದ್ಯುತ್ತು ನೆಲಕ್ಕಿಳಿಯದಂತೆ ತಡೆದು, ಇಡೀ ಗಾಡಿಯ ಮೈಯಲ್ಲಿ ಅದನ್ನು ಉಳಿಸುತ್ತದೆ. ಒದ್ದೆ ಮರಳಿನ ಮೇಲೆ ಬರಿಗಾಲಿನಲ್ಲಿ ನಿಂತು ಮುಟ್ಟಿದವರ ದೇಹವೇ ಅದಕ್ಕೆ ದಾರಿಯಾಗುತ್ತದೆ. ನಮ್ಮ ಕಡೆ ಬೋರ್‌ವೆಲ್ ಮೋಟಾರಿನ ಸ್ಟಾರ್ಟರ್ ಡಬ್ಬ ಮುಟ್ಟಿ ಪೆಟ್ಟು ತಿಂದ ರೈತರಿಗೆ ಇದು ಹೊಸದಲ್ಲ. ಉಪ್ಪು, ಇದ್ದಿಲು ಹಾಕಿ ಅರ್ಥ್ ಗುಂಡಿ ತೋಡಿ ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವುದು ಈ ಕಾರಣಕ್ಕೇ. ಅದೃಷ್ಟವಶಾತ್ ನಮಗಾದದ್ದು ಅಲ್ಪ ಸೋರಿಕೆ. ಒಳಗಿನ ಯಾವುದಾದರೂ ತಂತಿಯ ಹೊದಿಕೆ ಹರಿದು ಮೈಗೆ ತಾಗಿದ್ದರೆ ಏನಾಗುತ್ತಿತ್ತೆಂದು ಬರೆಯಲು ಕೈ ಬರುವುದಿಲ್ಲ. ಇನ್ನೊಂದು ವಿಷಯ: ಒಂದೂವರೆ ಟನ್ನಿನ ಎಸಿ ಏಳೆಂಟು ಆಂಪಿಯರ್ ಎಳೆಯುತ್ತದೆ. ದೀಪಕ್ಕೆಂದು ಹಾಕುವ ತೆಳು ತಂತಿ ಅದನ್ನು ತಾಳದು. ನಾವು ಕಳಚುವಾಗ ಆ ಟೇಪಿನ ಜೋಡಣೆ ಕೈಗೆ ಬಿಸಿಯಾಗಿ ತಾಗಿತು.

ಇದನ್ನು ತಂಗುದಾಣದವರಿಗೆ ತಿಳಿಸಿದಾಗ, "ಇಷ್ಟು ದಿನ ಯಾರೂ ಹೇಳಿರಲಿಲ್ಲ" ಎಂಬ ಉತ್ತರ ಬಂತು. ಶೌಚದ ತೊಟ್ಟಿಯನ್ನು ಎಲ್ಲಿ ಖಾಲಿ ಮಾಡಬೇಕೆಂದು ಕೇಳಿದರೆ ತೆಂಗಿನ ತೋಟದ ಹಿಂಭಾಗವನ್ನು ತೋರಿಸಿದರು. ಅಲ್ಲಿಂದ ಹತ್ತು ಮಾರು ದೂರದಲ್ಲಿ ಪಕ್ಕದ ಮನೆಯವರ ಕುಡಿಯುವ ನೀರಿನ ಬಾವಿ ಇತ್ತು. ಮರಳು ನೆಲದಲ್ಲಿ ಕೊಳಚೆ ಎಷ್ಟು ಬೇಗ ಬಾವಿಯನ್ನು ಸೇರುತ್ತದೆ ಎಂಬುದನ್ನು ಅಲ್ಲಿಯವರಿಗೆ ನಾನು ಹೇಳಿಕೊಡಬೇಕಾಗಿರಲಿಲ್ಲ. ನಾವು ಖಾಲಿ ಮಾಡಲಿಲ್ಲ. ಇನ್ನೊಬ್ಬರ ಮನೆಯ ನೀರು ಕೆಡಿಸಿ ಪಡುವ ರಜೆಯ ಸುಖ ನಮಗೆ ಬೇಕಿರಲಿಲ್ಲ.

ರಾತ್ರಿ ಎಂಟರ ಹೊತ್ತಿಗೆ, ದೋಣಿ ನೋಡಿಕೊಳ್ಳಲು ಬಂದಿದ್ದ ವಯಸ್ಸಾದ ಮೀನುಗಾರರೊಬ್ಬರು ನಮ್ಮ ಗಾಡಿಯನ್ನು ಕಂಡು ಹತ್ತಿರ ಬಂದರು. "ಅಮ್ಮ, ಇವತ್ತು ಹುಣ್ಣಿಮೆ ಭರತ. ನೀರು ಆ ತೆಂಗಿನ ಬುಡದವರೆಗೆ ಬರ್ತದೆ. ಗಾಡಿ ಈಗ್ಲೇ ಮೇಲೆ ತೆಗೀರಿ" ಎಂದರು. ಭರತವೆಂದರೆ ಕಡಲಿನ ಉಬ್ಬರ; ಅಂದು ಶೀಗಿ ಹುಣ್ಣಿಮೆ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರ ಸೆಳೆತ ಒಂದೇ ಸಾಲಿನಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ನಾವು ತಲುಪಿದ್ದು ಇಳಿತದ ಹೊತ್ತಿಗೆ, ಚಿತ್ರ ತೆಗೆದದ್ದೂ ಇಳಿತದ ಹೊತ್ತಿಗೇ. ಕೆರೆಗಳ ನಾಡಿನಿಂದ ಹೋದ ನಮಗೆ ನೀರಿನ ಅಂಚು ಬೆಳಿಗ್ಗೆ ಇದ್ದಲ್ಲಿಯೇ ರಾತ್ರಿಯೂ ಇರುತ್ತದೆಂಬುದು ರೂಢಿ. ಪಾಠದಲ್ಲಿ ಹೇಳಿಕೊಟ್ಟ ಸಂಗತಿಯೇ ಕಾಲಿನ ಕೆಳಗೆ ಬಂದಾಗ ಹೊಳೆಯಲಿಲ್ಲ.

ಚಾಲಕರು ಗಾಡಿ ಎಬ್ಬಿಸಲು ಹೋದರೆ ಹಿಂದಿನ ಚಕ್ರಗಳು ಇದ್ದಲ್ಲೇ ತಿರುಗಿ ಮರಳಿನಲ್ಲಿ ಹೂತುಕೊಂಡವು. ಎಕ್ಸಿಲರೇಟರ್ ತುಳಿದಷ್ಟೂ ಆಳಕ್ಕಿಳಿಯಿತು. ಆ ಹಿರಿಯರೇ ಟೈರಿನ ಗಾಳಿ ಇಳಿಸಲು ಹೇಳಿ, ಚಕ್ರದ ಮುಂದಿನ ಮರಳನ್ನು ಕೈಯಿಂದ ತೋಡಿ, ತೆಂಗಿನ ಮಡಲುಗಳನ್ನು ಹಾಸಿ, ಊರಿನಿಂದ ಎಂಟು ಹತ್ತು ಹುಡುಗರನ್ನು ಕರೆಸಿದರು. ಬಲೆ ಎಳೆಯುವ ಹಗ್ಗ ಕಟ್ಟಿ ಎಳೆದು ಗಾಡಿಯನ್ನು ರಸ್ತೆಗೆ ತಂದಾಗ ಹತ್ತು ಗಂಟೆ ದಾಟಿತ್ತು. ಹನ್ನೊಂದರ ಹೊತ್ತಿಗೆ ನಾವು ನಿಂತಿದ್ದ ಜಾಗದ ಮೇಲೆ ನೊರೆ ಹರಿಯುತ್ತಿತ್ತು. ಹಣ ಕೊಡಲು ಹೋದರೆ ಅವರಲ್ಲಿ ಒಬ್ಬರೂ ಮುಟ್ಟಲಿಲ್ಲ.

ಸಂಜೆ ಮಕ್ಕಳು ಆಡಿದ್ದ ನೀರಿನ ಬಗ್ಗೆಯೂ ಆ ಹಿರಿಯರು ಎಚ್ಚರಿಸಿದರು: ಅಳಿವೆಯ ಬಾಯಿಯಲ್ಲಿ ಹೊಳೆಯ ಸೆಳವೂ ಕಡಲಿನ ಸೆಳವೂ ಕೂಡುತ್ತವೆ, ಊರಿನವರೇ ಅಲ್ಲಿ ಇಳಿಯುವುದಿಲ್ಲ. ತಂಗುದಾಣದಲ್ಲಿ ಒಂದು ಫಲಕವಿರಲಿಲ್ಲ, ಜೀವರಕ್ಷಕರಿರಲಿಲ್ಲ. ನಮ್ಮದೇ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಶಾಲಾ ಪ್ರವಾಸಕ್ಕೆ ಹೋಗಿದ್ದ ನಾಲ್ವರು ವಿದ್ಯಾರ್ಥಿನಿಯರು 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲಿನಲ್ಲಿ ಪ್ರಾಣ ಕಳೆದುಕೊಂಡ ದುಃಖ ಇಲ್ಲಿ ಯಾರಿಗೂ ಮರೆತಿಲ್ಲ. ಬಯಲುಸೀಮೆಯ ಮಕ್ಕಳಿಗೆ ಕಡಲು ಗೊತ್ತಿಲ್ಲ. ನೀರಿಗಿಳಿಸುವುದಾದರೆ ಜೀವರಕ್ಷಕರಿರುವ ತೀರಕ್ಕೇ ಕರೆದೊಯ್ಯಿರಿ. ಸ್ವಚ್ಛತೆ, ಸುರಕ್ಷತೆಗೆಂದು ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದ ಪಡುಬಿದ್ರಿ ಮತ್ತು ಕಾಸರಕೋಡಿನಂಥ ತೀರಗಳು ನಮ್ಮ ರಾಜ್ಯದಲ್ಲೇ ಇವೆ.

ಆ ರಾತ್ರಿ 66ನೇ ಹೆದ್ದಾರಿಯ ಒಂದು ಪೆಟ್ರೋಲ್ ಬಂಕಿನವರು ಟೈರಿಗೆ ಗಾಳಿ ತುಂಬಿಸಿಕೊಟ್ಟು, ತಮ್ಮ ಆವರಣದಲ್ಲಿ ನಿಲ್ಲಲು ಬಿಟ್ಟರು. ಗಟ್ಟಿ ಕಾಂಕ್ರೀಟ್ ನೆಲ, ರಾತ್ರಿಯಿಡೀ ದೀಪ, ನಲ್ಲಿಯಲ್ಲಿ ಸಿಹಿ ನೀರು, ಕಾವಲಿಗೆ ಒಬ್ಬರು; ಪ್ರವಾಸದುದ್ದಕ್ಕೂ ಕ್ಯಾರವಾನಿಗೆ ಬೇಕಾದದ್ದು ನಮಗೆ ಸಿಕ್ಕಿದ್ದು ಅಲ್ಲಿ ಮಾತ್ರ, ಅದೂ ಕಾಸಿಲ್ಲದೆ. ಮರುದಿನ ಬೆಳಿಗ್ಗೆ ಕೃಷ್ಣಮಠದಲ್ಲಿ ದರ್ಶನ ಮುಗಿಸಿ ಊರಿನ ದಾರಿ ಹಿಡಿದೆವು.

ಈಗ ಯಾರಾದರೂ ಕೇಳಿದರೆ ನಾನು ಹೇಳುವುದಿಷ್ಟು. ನೋಟದ ಚಿತ್ರಗಳನ್ನು ಪಕ್ಕಕ್ಕಿಟ್ಟು, ಗಾಡಿ ನಿಲ್ಲುವ ನೆಲದ, ಪ್ಲಗ್ ಪಾಯಿಂಟಿನ ಮತ್ತು ಹೆದ್ದಾರಿಯಿಂದ ಅಲ್ಲಿಯವರೆಗಿನ ಕೊನೆಯ ಒಂದು ಕಿಲೋಮೀಟರ್ ದಾರಿಯ ವಿಡಿಯೋವನ್ನು ಆ ದಿನವೇ ತೆಗೆದು ಕಳಿಸಲು ಕೇಳಿ. 16 ಆಂಪಿಯರಿನ ಮೂರು ಪಿನ್ನಿನ ಪಾಯಿಂಟು, ಅರ್ಥಿಂಗ್, ಸೋರಿಕೆಯಾದೊಡನೆ ವಿದ್ಯುತ್ತನ್ನು ತಾನೇ ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇವೆಯೇ ಎಂದು ಕೇಳಿ. ಆ ಹೆಸರುಗಳನ್ನೇ ಕೇಳದವರ ಜಾಗದಲ್ಲಿ ಎಸಿ ಹಾಕಬೇಡಿ, ಟೆಸ್ಟರನ್ನು ನಿಮ್ಮ ಚೀಲದಲ್ಲೇ ಇಟ್ಟುಕೊಳ್ಳಿ. ನಿಮ್ಮ ಗಾಡಿಯ ಉದ್ದ, ಎತ್ತರಗಳನ್ನು ಸಂದೇಶದಲ್ಲಿ ಬರೆದು ಕಳಿಸಿ, "ಈ ಗಾಡಿ ಒಳಗೆ ಬರುತ್ತದೆ" ಎಂಬ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಫೋನಿನ ಮಾತಿಗೆ ಆಮೇಲೆ ಸಾಕ್ಷಿಯಿರುವುದಿಲ್ಲ. ಶೌಚದ ತೊಟ್ಟಿಗೆ ಸೆಪ್ಟಿಕ್ ಟ್ಯಾಂಕಿನ ವ್ಯವಸ್ಥೆ ಇಲ್ಲದಿದ್ದರೆ ಅದು ಕ್ಯಾರವಾನಿನ ಜಾಗವೇ ಅಲ್ಲ. ಕಡಲ ಬದಿಯಾದರೆ ತಿಥಿ ನೋಡಿ, ಊರಿನ ಮೀನುಗಾರರನ್ನು ಕೇಳಿ. ಮಲೆನಾಡಾದರೆ ಆನೆಯ ಓಡಾಟವನ್ನು ಅರಣ್ಯ ಇಲಾಖೆಯವರಲ್ಲಿ ವಿಚಾರಿಸಿ.

ಮುಂಗಡದ ವಿಷಯ. ಎರಡೂ ಕಡೆಯವರು ಹಿಂದಿರುಗಿಸಲು ಒಪ್ಪಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಮಗ ದೂರು ದಾಖಲಿಸಿದ. ತೋಟದವರು "ಬನ್ನಿ, ಗಾಡಿ ಮನೆ ಬಾಗಿಲಿಗೇ ಬರುತ್ತದೆ" ಎಂದು ವಾಟ್ಸಾಪಿನಲ್ಲಿ ಬರೆದಿದ್ದ ಒಂದು ಸಾಲು ಸೊಸೆಯ ಫೋನಿನಲ್ಲಿ ಉಳಿದಿತ್ತು. ಅದರ ಬಲದಿಂದ ಅವರಿಂದ ಪೂರ್ತಿ ನಾಲ್ಕು ಸಾವಿರ ವಾಪಸು ಬಂತು. ಅಳಿವೆಯ ಬದಿಯವರೊಂದಿಗೆ ನಡೆದದ್ದೆಲ್ಲ ಫೋನಿನ ಮಾತು. ಆ ಹಣ ಬರಲಿಲ್ಲ. ಬಂದ ನಾಲ್ಕು ಸಾವಿರವನ್ನು ಆ ಹಿರಿಯ ಮೀನುಗಾರರ ಊರಿನ ಶಾಲೆಗೆ ಕಳಿಸಿದ್ದೇವೆ.