ರೂಟರ್ ಅಪ್‌ಡೇಟ್: ಆಪ್‌ನಲ್ಲೋ, ಕೈಯಾರೆಯೋ?

ರೂಟರ್ ಒಳಗಿನ ಸಾಫ್ಟ್‌ವೇರ್ ಅಪ್‌ಡೇಟ್ ಸುಲಭವಾಗಿ ಆಗಬೇಕಿದ್ದರೆ ರೂಟರ್ ಕಂಪನಿಯ ಆಪ್. ನಿಮ್ಮ ಮಾಡೆಲ್‌ಗೆ ಸರಿಹೊಂದುವ ಫೈಲನ್ನು ಅದೇ ಹುಡುಕುತ್ತದೆ. ಅಪ್ಪ ಅಮ್ಮನ ಮನೆಗೆ ಇಷ್ಟು ಸಾಕು.

ಹಳೇ ಆವೃತ್ತಿಗೆ ಮರಳಬೇಕಿದ್ದರೆ, ಇಲ್ಲವೇ ಆಪ್ ಇಲ್ಲದ ರೂಟರ್ ಇದ್ದರೆ ಫೈಲನ್ನು ನೀವೇ ಇಳಿಸಿಕೊಂಡು ಕೈಯಾರೆ ಹಾಕಿ. ಆದರೆ ತಳದ ಸ್ಟಿಕ್ಕರ್ ನೋಡಿ. ಹೆಸರು ಒಂದೇ ಇದ್ದರೂ ಹಾರ್ಡ್‌ವೇರ್ ಆವೃತ್ತಿಗಳಾದ ವಿ2, ವಿ3ಗಳ ಒಳಗಿನ ಚಿಪ್ ಬೇರೆ ಇರಬಹುದು. ನಾನು ಸುಮ್ನೆ ಆತುರಪಟ್ಟು ಒಂದನ್ನು ಇಟ್ಟಿಗೆ ಮಾಡಿದ್ದೇನೆ, ಅಂದರೆ ಕೆಲಸಕ್ಕೆ ಬಾರದಂತೆ ಕೆಡಿಸಿದ್ದೇನೆ.

ಬೆಂಗಳೂರಿನ ಮೇ ಸಂಜೆ ಗುಡುಗಿದರೆ ಕರೆಂಟ್ ಹೋಗುತ್ತದೆ, ಅಲ್ವಾ? ಯಾವ ದಾರಿಯಾದರೂ ಬೆಳಿಗ್ಗೆಯೇ ಮಾಡಿ, ಯುಪಿಎಸ್ ಇದ್ದರೆ ಒಳ್ಳೆಯದು. ಕೈಯಾರೆ ಹಾಕುವವರು ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಿಡಿಯಿರಿ.

ಕೆಟ್ಟರೆ? ರೀಸೆಟ್ ಒತ್ತಿಕೊಂಡೇ ಆನ್ ಮಾಡಿದಾಗ ಬ್ರೌಸರ್‌ನಲ್ಲಿ ರಿಕವರಿ ಪುಟ ತೆರೆಯುವ ಮಾಡೆಲ್ ಇದ್ದರೆ ಬಚಾವ್. ಕೆಲವಕ್ಕೆ ಟಿಎಫ್‌ಟಿಪಿಯೇ (ಕೇಬಲ್ ಮೂಲಕ ಫೈಲ್ ಕಳಿಸುವ ಸರಳ ವಿಧಾನ) ಗತಿ: ಲ್ಯಾಪ್‌ಟಾಪ್‌ಗೆ ಸ್ಥಿರ ಐಪಿ (ನಾವೇ ಕೊಡುವ, ಬದಲಾಗದ ನೆಟ್‌ವರ್ಕ್ ವಿಳಾಸ), ಫೈಲ್‌ಗೆ ರೂಟರ್ ಕೇಳುವ ಹೆಸರೇ ಇರಬೇಕು. ಇಂಟರ್ನೆಟ್ ಕಂಪನಿ ಕೊಟ್ಟ ರೂಟರ್ ಆದರೆ ಅವರಿಗೇ ಫೋನ್ ಮಾಡಿ.