ಉಪ್ಪಳದ ಅಗ್ನಿವೀರ್ ಕೋಚಿಂಗ್: ಓಟ ಭೇಷ್, ಪಾಠ ಸುಮಾರು

ಅಕ್ಕನ ಮಗನನ್ನು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಒಂದು ಅಗ್ನಿವೀರ್ (ನಾಲ್ಕು ವರ್ಷದ ಮಟ್ಟಿಗೆ ಸೇನೆಗೆ ಸೇರುವ ಯೋಜನೆ) ಕೋಚಿಂಗ್‌ಗೆ ಸೇರಿಸಿದ್ದೆವು. ಓಟದ ತರಬೇತಿ ನಿಜಕ್ಕೂ ಚೆನ್ನಾಗಿದೆ. ಮಳೆ ಬಂದರೂ ಬೆಳಗ್ಗೆ ಐದೂವರೆಗೆ ಮೈದಾನದಲ್ಲಿರಬೇಕು. 1.6 ಕಿಲೋಮೀಟರ್ ಓಟದಲ್ಲಿ ಮೊದಲ ಸುತ್ತಿಗೇ ದಮ್ಮು ಖಾಲಿಯಾಗದಂತೆ ಕಲಿಸುವ ನಿವೃತ್ತ ಹವಾಲ್ದಾರರಿಗೆ ಪೂರ್ತಿ ಅಂಕ.

ಲಿಖಿತ ಪರೀಕ್ಷೆಯ ಪಾಠ ಮಾತ್ರ ಬರೀ ಮಲಯಾಳದಲ್ಲಿ. ಕನ್ನಡ ಶಾಲೆಯ ಮಕ್ಕಳಿಗೆ ನೋಟ್ಸ್ ಕೂಡ ಇಲ್ಲ. ಫೀಸು ಎಲ್ಲರಿಗೂ ಒಂದೇ, ಅಲ್ವಾ! ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚೆಂದರೆ 25% ಜನರನ್ನಷ್ಟೇ ಸೇನೆಯಲ್ಲಿ ಉಳಿಸಿಕೊಳ್ಳುತ್ತಾರೆ ಅನ್ನುವುದನ್ನು ಇವರು ಬಾಯಿಬಿಟ್ಟು ಹೇಳುವುದಿಲ್ಲ.

ಅದರ ಮೇಲೆ ಆಫೀಸಿನವರ ಭಾಷಣ ಬೇರೆ: 'ಸೇನೆ ಎಲ್ಲರಿಗೂ ಕಡ್ಡಾಯ ಆಗಬೇಕು, ಸ್ವೀಡನ್ 2017ರಲ್ಲಿ ವಾಪಸ್ ತರಲಿಲ್ವಾ?' ಅಲ್ಲೂ ಎಲ್ಲರನ್ನೂ ಸೇರಿಸಿಕೊಳ್ಳುವುದಿಲ್ಲ, ಆಯ್ದ ಕೆಲವರನ್ನು ಮಾತ್ರ. ಇಷ್ಟಪಟ್ಟು ಬಂದ ಮಕ್ಕಳಿಗೆ ಮೊದಲು ಸರಿಯಾಗಿ ಪಾಠ ಮಾಡಿ ಮಾರಾಯ್ರೇ.